ಮುನ್ನೂರರ ಎಣಿಕೆ

ಎರ್ಜುರುಮ್ ಆಸ್ಪತ್ರೆ, ನೆಲಮಾಳಿಗೆ, ಜನವರಿ.
ಕಿಟಕಿಗೆ ಗೇಣುದ್ದ ಹಿಮ, ಅದರ ಮೇಲೆ ಹೋಗಿಬರುವ ಬೂಟುಗಳು.
ಗಾಜಿನ ಪಟ್ಟಿಯ ಮೇಲೆ, ಬೆದಿರ್ಹಾನನ ಬಲ ಶ್ವಾಸಕೋಶದಿಂದ
ಉಪ್ಪುನೀರಲ್ಲಿ ತೊಳೆದು ತೆಗೆದ ಒಂದು ಹನಿ.
ಮುನ್ನೂರು ಕೋಶ ಎಣಿಸಿ ಬರೆಯಬೇಕು. ಅಷ್ಟೇ ನನ್ನ ಕೆಲಸ.

ಒಂದು, ಎರಡು, ಮೂರು. ಬೆರಳಡಿಯ ಯಂತ್ರ ಟಿಕ್ಕೆನ್ನುತ್ತದೆ.

ನೇರಳೆ ಬಣ್ಣ ಕುಡಿದು ಊದಿಕೊಂಡ ಈ ದುಂಡನೆಯವರು
ಗಾಳಿಗೂಡುಗಳ ಕಸ ಬಳಿಯುವವರು.
ಒಲೆಯ ಮಸಿ, ಹೂವಿನ ಪರಾಗ, ದಾರಿತಪ್ಪಿ ಬಂದ ರೋಗಾಣು
ಏನೇ ಬರಲಿ, ಕೈಚಾಚಿ, ಮೈಯೊಳಗೆಳೆದು, ಅರಗಿಸಿ,
ಮನೆಯಲ್ಲಿ ಮಲಗಿದವರಿಗೆ ಎಚ್ಚರವಾಗದಂತೆ
ಕದ ಮುಚ್ಚಿ ಹೋಗುವವರು.
ಇವರ ಕೆಲಸ ನೆಟ್ಟಗೆ ನಡೆದರೆ
ಇವರಿದ್ದಾರೆಂದೇ ಯಾರಿಗೂ ತಿಳಿಯದು.

ನಲವತ್ತೊಂದು. ನಲವತ್ತೆರಡು.

ಬೆಳಕಿನ ಹಾದಿಗೆ ಇನ್ನೊಂದು ಸೋಸುಗಾಜು ತಿರುಗಿಸುತ್ತೇನೆ.
ಎಲ್ಲ ಕಪ್ಪು. ಆ ಕಪ್ಪಿನಲ್ಲಿ
ಒಂದೊಂದು ಹೊಟ್ಟೆಯೊಳಗೆ ಒಂದೊಂದು ಮಿಣುಕು.
ಮರಳು.
ಕಡಲದಂಡೆಯದಲ್ಲ; ಉರುಟಾಗಲು ಇದಕ್ಕೆ ಅಲೆ ಸಿಕ್ಕಿರಲಿಲ್ಲ.
ಕೊಳವೆಯ ಬಾಯಿಂದ ಚಿಮ್ಮಿ, ಬಟ್ಟೆಗೆ ಬಡಿದು, ಆಗಷ್ಟೇ ಒಡೆದದ್ದು,
ಅಂಚಂಚೂ ಹರಿತ.

ಹದಿನೇಳಕ್ಕೆ ಅವನು ಇಸ್ತಾಂಬುಲಿನ ಬಸ್ಸು ಹತ್ತಿದ್ದು.
ಕಿಟಕಿಯಿಲ್ಲದ ಕೋಣೆ, ಮೂಗಿಗೊಂದು ಕರವಸ್ತ್ರ.
ಹೊಸ ಜೀನ್ಸಿನ ತೊಡೆಗೆ, ಮಂಡಿಗೆ
ಹತ್ತು ವರ್ಷ ತೊಟ್ಟ ಸವಕಲು ತರುವುದು ಕೆಲಸ.
ಎರಡೇ ನಿಮಿಷದಲ್ಲಿ ಹತ್ತು ವರ್ಷ.
ದಿನಕ್ಕೆ ಎಷ್ಟು ಪ್ಯಾಂಟು? ಕೇಳಿದೆ.
"ಲೆಕ್ಕ ಇಟ್ಟವನು ಯಜಮಾನ, ಅಕ್ಕಾ" ಅಂದ.
ಯಜಮಾನನಿಗೂ ಅಕ್ಕನಿಗೂ ನಡುವೆ
ಎರಡು ಸಲ ಉಸಿರು ಎಳೆದುಕೊಂಡ.

ನಮ್ಮೂರಲ್ಲಿ ಚಹಾದೊಳಕ್ಕೆ ಸಕ್ಕರೆ ಹಾಕುವುದಿಲ್ಲ.
ಗಟ್ಟಿ ಸಕ್ಕರೆಯ ತುಂಡನ್ನು ಕೆನ್ನೆಯಲ್ಲಿಟ್ಟುಕೊಂಡು
ಒಗರು ಚಹಾವನ್ನು ಅದರ ಮೇಲೆ ಹಾಯಿಸುತ್ತೇವೆ.
ಮೂರು ಲೋಟಕ್ಕೆ ಒಂದು ತುಂಡು ಬಾಳಬೇಕು, ಅಜ್ಜಿಯ ಕಟ್ಟಳೆ.
ಎಷ್ಟು ಗಟ್ಟಿಯಿದ್ದರೂ ಕೊನೆಗೆ ಕರಗುತ್ತದೆ,
ಬಾಯಿಗೆ ಆ ನಂಬಿಕೆಯಿದೆ.
ಈ ಕೋಶಕ್ಕೂ ಇತ್ತು.

ನುಂಗಿತು. ಹುಳಿ ಸುರಿಯಿತು. ಕಾಯಿತು.
ಮತ್ತಷ್ಟು ಹುಳಿ.
ಕಬ್ಬಿಣದ ಕಡಲೆ ಅನ್ನೋಣವೆಂದರೆ
ಕಬ್ಬಿಣವಾದರೂ ತುಕ್ಕು ಹಿಡಿಯುತ್ತದೆ.
ಒಳಚೀಲ ಹರಿಯಿತು. ಹೊರಗಿನವರಿಗೆಂದು ಕೂಡಿಟ್ಟ ಹುಳಿ
ತನ್ನ ಮೈಗೇ ಚೆಲ್ಲಿತು.
ಹುಟ್ಟಿದಂದಿನಿಂದ ಸದ್ದು ಮಾಡದ ಜೀವ ಆಗ ಕೂಗಿತು,
ಕೂಗಿ ಸತ್ತಿತು.
ಕೇಳಿಸಿಕೊಂಡು ನೆತ್ತರಿಂದ ಓಡಿಬಂದವರು
ಕಂಡದ್ದಕ್ಕೆಲ್ಲ ಬೆಂಕಿಯಿಟ್ಟರು.
ಅವರ ಹಿಂದೆ ನಾರು ನೇಯುವವರು. ಗಾಯ ಕಂಡಲ್ಲಿ ಹೊಲಿಗೆ,
ಹೊಲಿಗೆಯ ಮೇಲೆ ಹೊಲಿಗೆ, ಗಾಳಿ ಆಡುವ ಕಿಂಡಿಗೂ ಹೊಲಿಗೆ.

ಕಲ್ಲು?
ಸತ್ತದ್ದರ ಹೊಟ್ಟೆಯಿಂದ ಹೊರಬಿದ್ದು ಅಲ್ಲೇ ಕೂತಿತ್ತು,
ಒಂದು ಮೂಲೆಯೂ ಸವೆಯದೆ.
ಮುಂದಿನದು ಬಂತು. ಕೈಚಾಚಿತು.

ಕೆಲಸ ಬಿಟ್ಟು ಏಳು ವರ್ಷವಾಯಿತಂತೆ.
ಊರಿಗೆ ಮರಳಿ ಜೇನು ಸಾಕಿದ್ದಾನೆ, ಹನ್ನೆರಡು ಪೆಟ್ಟಿಗೆ.
ಗುಡ್ಡಕ್ಕೆ ಅವನ್ನು ಹೊರುವವಳು ಹೆಂಡತಿ ರೋಜ್‌ಬಿನ್,
ಹೊಗೆಡಬ್ಬಿ ಹಿಡಿಯುವವಳೂ ಈಗ ಅವಳೇ.
ಅವನು ಕೆಳಗೆ ಬಂಡೆಯ ಮೇಲೆ ಕೂತು ಹೇಳಿಕೊಡುತ್ತಾನೆ,
ಕೇಳಿಸುವಷ್ಟು ದನಿ ಬಂದ ದಿನ.
ಇಂದು ಬರುವಾಗ ನನಗೊಂದು ಸೀಸೆ ತಂದಿದ್ದ.
ಮುಚ್ಚಳದ ಸುತ್ತ ಹಳೆ ಜೀನ್ಸಿನ ಪಟ್ಟಿ ಬಿಗಿದು ಕಟ್ಟಿತ್ತು.
ನಿಜವಾಗಿ ತೊಟ್ಟು ಹಳತಾದದ್ದು; ನೂಲು ನೋಡಿದರೆ ಗೊತ್ತಾಗುತ್ತದೆ.

ಇನ್ನೂರ ಹದಿನಾರು. ಇನ್ನೂರ ಹದಿ...
ಯಾರೋ ಕದ ತಟ್ಟಿ ಮೊನ್ನೆಯ ಮೂತ್ರದ ವರದಿ ಕೇಳಿದರು.
ಕೊಟ್ಟು ಬಂದೆ. ಎಣಿಕೆ ಎಲ್ಲಿತ್ತೋ ಮರೆತಿತ್ತು.

ಚಹಾ ಆರಿದೆ. ಕೆನ್ನೆಯಲ್ಲಿ ಸಕ್ಕರೆಯ ಕೊನೆಯ ಚೂರು.
ಯಂತ್ರವನ್ನು ಸೊನ್ನೆಗೆ ತಿರುಗಿಸಿ
ಪಟ್ಟಿಯ ಎಡ ಅಂಚಿಗೆ ಮರಳುತ್ತೇನೆ.
ಒಂದು.